ಹೊಟ್ಟೆಯಿಲ್ಲದ ಹೆಣ

"ಅಕ್ಕೋರ, ಲಗೂ ಬರ್ರಿ. ಮಗಳು ಸಾಕಿದ ಏಡಿ ಸತ್ತೈತಿ, ನಮ್ಮತ್ತಿ ಮನಿ ಬಿಟ್ಟು ಹೊಂಟಾರ," ಎಂದು ಸಾಜಿಯಾ ಬ್ಯಾಡಗಿಯಿಂದ ಫೋನಿನಲ್ಲಿ ಅತ್ತಳು.

ಸಾಜಿಯಾ ನೀಲಗಂಗಕ್ಕನ ಹಳೆಯ ವಿದ್ಯಾರ್ಥಿನಿ. ಅಕ್ಕ ಹಾವೇರಿಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವರು; ಈಗ ಊರವರ ಒಗಟು ಬಿಡಿಸುತ್ತಾರೆ. ನಾನು ಗುಡದಪ್ಪ, ಪಕ್ಕದ ಮನೆಯವನು, ಅವರ ಸ್ಕೂಟರ್ ಓಡಿಸುವವನು. ಹುಳ ಹುಪ್ಪಟೆ ಕಂಡರೆ ನನಗೆ ಜೀವ ಬಾಯಿಗೆ ಬರುತ್ತದೆ. ಮುಚ್ಚಿಡುವುದೇನು?

ಸಾಜಿಯಾಳ ಮನೆಯಲ್ಲಿ, ಗಾಜಿನ ಪೆಟ್ಟಿಗೆಯ ಮರಳಿನ ಮೇಲೆ ಏಡಿ ಮನೆ ಮಾಡಿಕೊಂಡಿದ್ದ ಶಂಖ, ಅದರ ಪಕ್ಕ ಏಡಿಯ ಕಾಲು, ಕೊಂಡಿಗಳು ಬಿದ್ದಿದ್ದವು. ಯಾರೋ ಶಂಖದಿಂದ ಎಳೆದು ಕೊಂದಂತೆ ಕಂಡಿತು. ಪೆಟ್ಟಿಗೆಯ ಸುತ್ತ ಖಾರಪುಡಿಯ ಕೆಂಪು ಗೆರೆಯಿತ್ತು. ಸಾಜಿಯಾಳ ಎಂಟು ವರ್ಷದ ಮಗಳು ಸಿಮ್ರಾನ ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

ಅತ್ತೆ ಜೈತೂನಬಿ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಇರಿವಿ ಬರಬಾರದಂತ ನಾನ ಖಾರಪುಡಿ ಹಾಕಿದ್ನಿರಿ. ಅದರ ಘಾಟಿಗೇ ಸತ್ತೈತಿ. ಎರಡ ದಿನಾತು, ಕೂಸು ಉಂಡಿಲ್ಲ, ನನ್ನ ಮಾರಿ ನೋಡವಲ್ದು. ಗುತ್ತಲ ಊರಿಗೆ, ಮಗಳ ಮನಿಗೆ ಹೊಕ್ಕೇನಿ."

"ನಾತ ಬಂದೈತೇನು?" ಅಕ್ಕ ಕೇಳಿದರು.

"ಮೆಣಸಿನಕಾಯಿ ಸುಗ್ಗ್ಯಾಗ ಈ ಊರಾಗ ಯಾರ ಮೂಗು ಕೆಲಸ ಮಾಡತೈತ್ರಿ?" ಎನ್ನುತ್ತ ಸಾಜಿಯಾ ಹೂಳಲೆಂದು ಶಂಖಕ್ಕೆ ಕೈ ಹಾಕಿದಳು.

"ಮುಟ್ಟಬ್ಯಾಡ." ಅಕ್ಕನ ಆ ದನಿಗೆ ನಾನೇ ಹಿಂದೆ ಹಾರಿದೆ. "ಗುಡದಪ್ಪ, ಆ ಹೆಣ ಅಷ್ಟ ಎತ್ತು."

ನನ್ನನ್ನೇ ಹೇಳಬೇಕೆ? ಕಣ್ಣು ಮುಚ್ಚಿ ಎತ್ತಿದೆ. ಚುರಮುರಿ ಕಾಳಿನಷ್ಟು ಹಗುರವಿತ್ತು.

ಅಕ್ಕ ಎಲ್ಲರನ್ನೂ ಪೆಟ್ಟಿಗೆಯ ಹತ್ತಿರ ಕರೆದರು. "ಖಾರ ಎಲ್ಲಾ ಗಾಜಿನ ಹೊರಗ ಐತಿ, ಹಸಿ ಮರಳಿನ ಮ್ಯಾಲೆ ಒಂದು ಕೆಂಪು ಕಣನೂ ಇಲ್ಲ. ಹೊರಗಿನ ಘಾಟಿಗೆ ಇದು ಸಾಯಂಗಿಲ್ಲ. ಅಂದ ಮ್ಯಾಲೆ ಜೈತೂನವ್ವ ಕೊಂದಿಲ್ಲ. ಈ ಕಾಲು ನೋಡ್ರಿ, ಒಳಗ ಮಾಂಸ ಇಲ್ಲ, ಟೊಳ್ಳು. ಇನ್ನ ಈ ಏಡಿಗೆ ಹಿಂದ ಮೆತ್ತನ್ನ ಹೊಟ್ಟಿ ಇರತೈತಿ. ಹೆಣ ಇಲ್ಲೈತಿ, ಹೊಟ್ಟಿ ಎಲ್ಲಿ?"

ಅಕ್ಕ ಶಂಖದ ಬಾಯಿಗೆ ಮೊಬೈಲಿನ ಬೆಳಕು ಹಿಡಿದರು. ತೀರಾ ಒಳಗೆ ಬಿಳಿಚಿದ ಎಳೆ ಕಾಲುಗಳು ಮುದುಡಿಕೊಂಡಿದ್ದವು. ಒಂದು ಮೀಸೆ ಅಲುಗಿತು.

"ಹಾವು ಬಿಟ್ಟಂಗ ಇದೂ ಪೊರೆ ಬಿಟ್ಟೈತಿ. ಈಗ ಮೈ ಬೆಣ್ಣಿಯಂಗ ಮೆತ್ತಗ. ಎತ್ತಿದ್ರ ಖರೇನ ಸಾಯತಿತ್ತು. ಪೊರೆ ಅಲ್ಲೇ ಇಡ್ರಿ, ತಾನ ತಿಂತೈತಿ. ಖಾರ ಬಳದು ತಗೀರಿ. ಪೆಟ್ಟಿಗಿ ಮ್ಯಾಲೆ ಅರಿವಿ ಮುಚ್ಚಿ ಕತ್ತಲ ಮಾಡ್ರಿ. ಮೈ ಗಟ್ಟಿ ಆಗೂತನಕ ಯಾರೂ ಮುಟ್ಟಬಾರದು."

ಸಾಜಿಯಾ ಶಂಖಕ್ಕೆ ಚಾಚಿದ್ದ ತನ್ನ ಕೈಯನ್ನೇ ನೋಡಿಕೊಂಡು ಅತ್ತಳು. ಜೈತೂನಬಿ ಮಾತ್ರ ಬಾಗಿಲಲ್ಲೇ ನಿಂತಿದ್ದರು. ತಪ್ಪಿಲ್ಲವೆಂದು ಅಕ್ಕ ಹೇಳಿದರೇನು, ಕೂಸು ಹೇಳಬೇಕಲ್ಲ.

ಸಿಮ್ರಾನ ಎದ್ದು ಅಜ್ಜಿಯ ಹತ್ತಿರ ಬಂದಳು.

"ದಾದಿ, ಕತ್ತಲದಾಗ ಒಂದ ಇದ್ರ ಅದಕ್ಕ ಹೆದರಿಕಿ ಆಗೂದಿಲ್ಲೇನು?"

ಜೈತೂನಬಿ ಚೀಲ ಕೆಳಗಿಟ್ಟು ಪೆಟ್ಟಿಗೆಯ ಪಕ್ಕ ಕುಳಿತರು.

"ಆಗತೈತಿ ಬೇಟಾ. ಅದಕ್ಕ ನಾ ಇಲ್ಲೇ ಕುಂದರತೇನಿ. ನೀ ಹೋಗಿ ಉಣ್ಣು."