ಉಪ್ಪಿನ ಗೊಂಬೆಯಾದ ಸೊಸೆ ಮತ್ತು ಒಂದು ಮಡಕೆ ಗೊಜ್ಜು

“ವಿಕೃತಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ. ಟೊಮೆಟೊ ಕಾಸಿಗೊಂದು ಬುಟ್ಟಿ. ಹೊಸ ಸೊಸೆ ತನ್ನ ದ್ವೀಪದ ಪಾಸ್ತಾ ಬೇಯಿಸಿದಳು. ಅದರ ಮೇಲಿನ ಗೊಜ್ಜು ನನ್ನದು. ಹನ್ನೆರಡು ಟೊಮೆಟೊ, ಒಂದು ಹೋಳು ಸಿಹಿಗುಂಬಳ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಹುರಿಗಡಲೆ ಪುಡಿ, ಕಾಮಕಸ್ತೂರಿ ಎಲೆ. ಉಪ್ಪು ರುಚಿಗೆ ತಕ್ಕಷ್ಟು. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು.”

ಹೀಗೆಂದು ದಿನಚರಿಯಲ್ಲಿ ಬರೆದವಳು ಬಾಚಲಮ್ಮ. ನಮ್ಮಜ್ಜಿಯ ಅಜ್ಜಿಯೂ ಹುಟ್ಟುವ ಮೊದಲು, ಏಳು ಕೆರೆಗಳ ನಡುವಿನ ಹೊಳಲುಗಿರಿ ರಾಜ್ಯದಲ್ಲಿ ಅವಳಿದ್ದಳು. ವಿದ್ಯಾಪೀಠದಲ್ಲಿ ತರ್ಕಶಾಸ್ತ್ರ ಓದಿ ಮೊದಲಿಗಳಾಗಿ ಬಂದವಳು. ನಲವತ್ತು ವರ್ಷ ಮನೆಯಲ್ಲಿ ಬೆಂದದ್ದನ್ನೆಲ್ಲ ಒಂದೂ ಬಿಡದೆ ಬರೆದಿಟ್ಟಿದ್ದಳು. ಒಲೆಯ ಮುಂದೆಯೇ, ಉಪ್ಪಿನ ಮರಿಗೆಯಿಂದ ತೆಗೆದ ಕೈಯಲ್ಲೇ ಬರೆಯುವಳು. ಹಾಳೆಗಳು ಹಪ್ಪಳದಂತೆ ಸೆಟೆದಿದ್ದವು.

“ಕೈ ಒರೆಸಿಕೊಂಡು ಬರೀಬಾರದೇನೆ?” ಎಂದು ಗಂಡ ಬೊಮ್ಮರಸ ಗೊಣಗುವನು.

“ಒರೆಸೋ ಹೊತ್ತಿಗೆ ಮರೆತುಹೋದರೆ ನೀವು ನೆನಪಿಸ್ತೀರಾ?” ಎನ್ನುವಳು ಅವಳು.

ಆಗ ಬೂದಿಬೆಟ್ಟದ ಮೇಲೆ ಹೊಗೆರಾಯನೆಂಬ ಮಾಂತ್ರಿಕನಿದ್ದ. ಅವನ ಮೈ ಹೊಗೆ, ಮಾತು ಹೊಗೆ. ಹಸಿವೇ ಅವನ ಮಂತ್ರಶಕ್ತಿ. ಹೊಟ್ಟೆ ತುಂಬಿದ ದಿನ ಮಂತ್ರ ಮುರಿಯುತ್ತದೆಂದು ಅವನಿಗೂ ಗೊತ್ತು. ಆದರೆ ಹಸಿವು ಕೇಳುತ್ತದೆಯೇ? ಬಾಚಲಮ್ಮನ ಗೊಜ್ಜಿನ ಘಮ ಬೆಟ್ಟ ಹತ್ತಿ ಬಂದ ದಿನ ಅವನು ಗಾಳಿಯಾಗಿ ಇಳಿದು ದಿನಚರಿಯನ್ನು ಕದ್ದೊಯ್ದ. ಬರೆದಂತೆಯೇ ಮಾಡಿದ. ಬಾಯಿಗಿಟ್ಟ, ಉಗಿದ. ಉಪ್ಪು ಎಷ್ಟೆಂದು ಪುಸ್ತಕದಲ್ಲಿ ಇರಲೇ ಇಲ್ಲ.

ಮತ್ತೆ ಇಳಿದು ಬಂದ. ಅಡುಗೆಮನೆಯಲ್ಲಿ ಸೊಸೆ ರೊಜಾಲಿ ಒಬ್ಬಳೇ ಇದ್ದಳು.

“ತಕ್ಕಷ್ಟು ಅಂದರೆ ಎಷ್ಟು? ಹೇಳು!”

“ನನಗೆ ಗೊತ್ತಿಲ್ಲ. ಅದು ನಮ್ಮತ್ತೆಮ್ಮನ ಕೈಗೇ ಗೊತ್ತು.”

“ಹಾಗಾದರೆ ನೀನೇ ಉಪ್ಪಾಗು!” ಎಂದ. ರೊಜಾಲಿ ಉಪ್ಪಿನ ಗೊಂಬೆಯಾದಳು. ಗೊಂಬೆಯನ್ನು ಹೊತ್ತೊಯ್ದು ಬೆಟ್ಟದ ಬಯಲು ಬಂಡೆಯ ಮೇಲೆ ನಿಲ್ಲಿಸಿದ. “ಮೊದಲ ಮಳೆಗೆ ಮುಂಚೆ ನನ್ನ ಹೊಟ್ಟೆ ತುಂಬಿಸಿದರೆ ಬಿಡುತ್ತೇನೆ” ಎಂದು ಊರಿನ ಮೇಲಿನ ಆಕಾಶದಲ್ಲಿ ಹೊಗೆಯಿಂದ ಬರೆದ.

ಮಗ ಹಡಗಿನ ಮೇಲೆ ಹೋಗಿದ್ದ. ಬೊಮ್ಮರಸನಿಗೆ ಮಂಡಿನೋವು. ಬಾಚಲಮ್ಮ ಒಂದು ಮಡಕೆ ಗೊಜ್ಜು ಕುದಿಸಿದಳು. ಇನ್ನೊಂದು ಮಡಕೆಗಾಗುವ ಸಾಮಾನು, ರೊಟ್ಟಿ, ಅನ್ನ, ಸೊಸೆ ಒಣಗಿಸಿಟ್ಟ ಪಾಸ್ತಾ ಎಲ್ಲವನ್ನೂ ಗಂಟು ಕಟ್ಟಿದಳು. ಉಪ್ಪನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟಳು. ಪಡುವಣದಲ್ಲಿ ಮೋಡ ಏಳುತ್ತಿತ್ತು.

ಬೂದಿಬೆಟ್ಟಕ್ಕೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಗಂಡಭೇರುಂಡ ಕೂತಿತ್ತು.

“ನನಗೆ ರೊಟ್ಟಿಗೆ ಹಚ್ಚಿಕೊಡು” ಎಂದಿತು ಒಂದು ತಲೆ.

“ಥೂ, ರೊಟ್ಟಿ ಯಾರಿಗೆ ಬೇಕು? ಅನ್ನಕ್ಕೆ ಕಲಸು” ಎಂದಿತು ಇನ್ನೊಂದು.

“ಹೊಟ್ಟೆ ಒಂದೇ ತಾನೇ, ಬಾಯಿಗ್ಯಾಕೆ ಜಗಳ?” ಎಂದು ಬಾಚಲಮ್ಮ ಅದೇ ಗೊಜ್ಜನ್ನು ರೊಟ್ಟಿಗೂ ಹಚ್ಚಿದಳು, ಅನ್ನಕ್ಕೂ ಕಲಸಿದಳು. ಎರಡು ಬಾಯಿಯೂ ಮುಚ್ಚಿದವು. ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಸಿಂಹದ ಮೈ, ಆನೆಯ ಸೊಂಡಿಲಿನ ಯಾಳಿ ನಿಂತಿತ್ತು. “ನಾನು ಅಗಿಯುವುದಿಲ್ಲ, ಕುಡಿಯುತ್ತೇನೆ” ಎಂದಿತು.

“ಅದಕ್ಕೇನಂತೆ, ಸಾರು ಮಾಡಿದರಾಯಿತು.” ಉಳಿದ ಗೊಜ್ಜಿಗೆ ನೀರು ಬೆರೆಸಿ ಕುದಿಸಿದಳು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅವಳ ಕೈಯಿಂದ ಸಪ್ಪೆ ಸಾರು ಹೋಗುವುದುಂಟೇ? ಮೆಣಸು ಕುಟ್ಟಿ ಹಾಕಿದಳು. ಯಾಳಿ ಸೊರ್ರೆಂದು ಹೀರಿತು, ಬಾಗಿಲು ತೆರೆಯಿತು, ಮೆಣಸು ಮೂಗಿಗೇರಿ ಒಂದು ಸೀನು ಸೀನಿತು. ಸೊಂಡಿಲಿನಲ್ಲಿದ್ದ ಸಾರೆಲ್ಲ ಬಾಚಲಮ್ಮನ ಮೇಲೆ! ಸೆರಗು ಹಿಂಡಿ ನೋಡಿದರೆ ಉಪ್ಪಿನ ಗಂಟಿನಲ್ಲಿ ಒಂದು ಹರಳೂ ಉಳಿದಿರಲಿಲ್ಲ.

ಮೂರನೆಯ ಬಾಗಿಲಾಚೆ ಹೊಗೆರಾಯ. ಅವನ ಹಿಂದೆ ಬಂಡೆಯ ಮೇಲೆ ಬೆಳ್ಳಗೆ ರೊಜಾಲಿ.

“ತಗೋ ನಿನ್ನ ಸುಳ್ಳು ಪುಸ್ತಕ” ಎಂದು ದಿನಚರಿಯನ್ನು ಎಸೆದ.

“ನನ್ನ ದಿನಚರಿಯಲ್ಲಿ ಸುಳ್ಳಿಲ್ಲ” ಎಂದು ಬಾಚಲಮ್ಮ ಅದನ್ನೆತ್ತಿ ದೂಳು ಕೊಡವಿದಳು. ಒಲೆ ಹೂಡಿದಳು. ಟೊಮೆಟೊ ಬೆಂದು ಸಿಪ್ಪೆ ಬಿಟ್ಟಿತು, ಕುಂಬಳ ಕರಗಿತು, ಪುಡಿ ಬಿದ್ದು ಗೊಜ್ಜು ಗಟ್ಟಿಯಾಯಿತು. ರುಚಿ ನೋಡಿದಳು. ಸಪ್ಪೆ.

“ನನ್ನ ಬೆಟ್ಟದಲ್ಲಿ ಉಪ್ಪು ಉಳಿದಿಲ್ಲ” ಎಂದು ಹೊಗೆರಾಯ ನಕ್ಕ. “ಸೊಸೆಯ ಕಿರುಬೆರಳು ಮುರಿದು ಹಾಕು. ಒಂದು ಬೆರಳು ಹೋದರೆ ಏನು ಮಹಾ?”

“ಅವಳು ಪಾಸ್ತಾ ಸುರುಳಿ ಸುತ್ತುವುದು ಆ ಬೆರಳಲ್ಲೇ ಕಣಯ್ಯಾ. ಸುಮ್ಮನೆ ಕೂತಿರು!”

ಗುಡುಗು ಕೇಳಿಸಿತು. ಬಾಚಲಮ್ಮ ದಿನಚರಿಯ ಮೇಲೆ ಕೈಯಾಡಿಸಿದಳು. ಹಪ್ಪಳದಂತೆ ಸೆಟೆದ ಹಾಳೆ. ನಾಲಗೆಯ ತುದಿಗೆ ಮುಟ್ಟಿಸಿದಳು.

ಉಪ್ಪು.

ಮಗನ ನಾಮಕರಣದ ಊಟ ಅದರಲ್ಲಿತ್ತು. ತಾಯಿ ಕೊನೆಯ ಸಲ ಕಲಿಸಿದ ಹುಳಿ ಇತ್ತು. ಒಮ್ಮೆ ತಿರುವಿ ನೋಡಿದಳು, ಒಮ್ಮೆ ಮಾತ್ರ. ಆಮೇಲೆ ಹಾಳೆ ಹಾಳೆಯಾಗಿ ಬಿಸಿನೀರಿನಲ್ಲಿ ಅದ್ದಿ ತೊಳೆದಳು. ಸೆರಗಿನಲ್ಲಿ ಸೋಸಿದಳು. ಮಸಿಯೆಲ್ಲ ಸೆರಗಿನಲ್ಲಿ ನಿಂತಿತು, ಉಪ್ಪು ನೀರಿನೊಡನೆ ಇಳಿಯಿತು. ಆ ನೀರು ಮಡಕೆಗೆ ಬಿತ್ತು. ತಕ್ಕಷ್ಟೇ ಇತ್ತು.

ಬಿಸಿ ಪಾಸ್ತಾದ ಮೇಲೆ ಗೊಜ್ಜು ಸುರಿದು ಎಲೆ ಮುಂದಿಟ್ಟಳು. ಹೊಗೆರಾಯ ಒಂದು ತುತ್ತು ತಿಂದ, ಎರಡು ತುತ್ತು ತಿಂದ, ಮೂರನೆಯ ತುತ್ತಿಗೆ ತೇಗಿದ. ಹೊಗೆಯೆಲ್ಲ ತೇಗಿನಲ್ಲಿ ಹೋಯಿತು. ಉಳಿದದ್ದು ಒಬ್ಬ ಬಡಕಲು ಮನುಷ್ಯ.

“ಅಮ್ಮಾ, ಇನ್ನೊಂಚೂರು ಇದೆಯಾ?”

“ಇದೆ. ಎಲೆ ಮುಂದೆ ಸರಿಯಾಗಿ ಕೂತುಕೋ ಮೊದಲು.”

ಅಷ್ಟರಲ್ಲಿ ಮಳೆ ಬಿತ್ತು. ರೊಜಾಲಿ ನೆನೆದಳು, ಕರಗಲಿಲ್ಲ. ಬಂಡೆಯಿಂದಿಳಿದು ಬಂದು, ಅತ್ತೆಯ ಕೈಯಲ್ಲಿದ್ದ ಬೋಳು ಹಾಳೆಗಳನ್ನು ನೋಡಿ ಅತ್ತಳು.

“ಅಳಬೇಡವೇ. ಸಪ್ಪೆ ಬಡಿಸೋಕಾಗುತ್ತಾ?”

“ಒಂದು ಪುಟ ನನಗೆ ಬಾಯಿಪಾಠ, ಅತ್ತೆಮ್ಮ. ನಾನು ಮನೆಗೆ ಬಂದಾಗಿನದು. ದಿನಾ ಓದುತ್ತಿದ್ದೆ.” ಮಳೆಯಲ್ಲೇ ನಿಂತು ಹೇಳಿದಳು. ವಿಕೃತಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಟೊಮೆಟೊ ಕಾಸಿಗೊಂದು ಬುಟ್ಟಿ…

ಮಗ ಹಡಗಿಳಿದು ಬಂದ. ಬಡಕಲು ಮನುಷ್ಯ ಅವರ ಮನೆಯಲ್ಲೇ ಈರುಳ್ಳಿ ಹೆಚ್ಚುತ್ತ ದಪ್ಪಗಾದ. ಹೊಳಲುಗಿರಿಯಲ್ಲಿ ಯಾರೂ ಹಸಿದು ಮಲಗಲಿಲ್ಲ. ಹೊಸ ದಿನಚರಿಯ ಮೊದಲ ಪುಟದಲ್ಲಿ ರೊಜಾಲಿ ಹೇಳಿದ ಸಾಲುಗಳಿದ್ದವು. ಎರಡನೆಯದರಲ್ಲಿ ಬಾಚಲಮ್ಮ, ಈ ಸಲವೂ ಕೈ ಒರೆಸಿಕೊಳ್ಳದೆ, ಬೆಟ್ಟದ ಊಟದ ಲೆಕ್ಕ ಬರೆದಳು:

“ಟೊಮೆಟೊ ಇಪ್ಪತ್ತನಾಲ್ಕು, ಎರಡು ಕಾಸು. ಬೆಳ್ಳುಳ್ಳಿ, ಹುರಿಗಡಲೆ, ಒಂದು ಕಾಸು. ಕುಂಬಳ, ಕಾಮಕಸ್ತೂರಿ ಹಿತ್ತಲದು. ಉಪ್ಪು: ನಲವತ್ತು ವರ್ಷದ ದಿನಚರಿ, ಒಂದು.”