ಇಪ್ಪತ್ತೆಂಟರ ಸೇಡು

"ಪಂಜಿ!"

ಅಂಗಡಿಯೊಳಗೆ ಟೀ ಹೀರುತ್ತಿದ್ದವರೆಲ್ಲ ಒಟ್ಟಿಗೆ ತಲೆಯೆತ್ತಿದರು. ಕ್ಲಾತೆನ್‌ನಲ್ಲಿ ಹುಡುಗಿಯೊಬ್ಬಳು ತನಗಿಂತ ದೊಡ್ಡವನನ್ನು, ಹಿರಿಯನಿಗೂ ಇನಿಯನಿಗೂ ಸಲ್ಲುವ ಮರ್ಯಾದೆಯ ಮಾತಾದ 'ಮಾಸ್' ಸೇರಿಸದೆ, ಬರಿ ಹೆಸರು ಹಿಡಿದು ಕೂಗಿದಳೆಂದರೆ ಅದು ಕೆನ್ನೆಗೆ ಬಾರಿಸಿದ ಹಾಗೆಯೇ. ಬಾರಿಸಿದವಳು ಉತಾರಿ, ಕೆಳಗಿನ ಕೇರಿಯವಳು. ಬಾರಿಸಿಕೊಂಡವನು ಬ್ಯಾಡ್ಮಿಂಟನ್ ರಾಕೆಟ್ ಮಾರುವ, ಅದಕ್ಕೆ ತಂತಿ ಎಳೆದು ಬಿಗಿಯುವ ಪಂಜಿ.

ಒಂದು ವರ್ಷವಾಗಿತ್ತು ಅವಳು ಈ ಮುಖ ನೋಡದೆ. ಹಾಳಾದವನು ಸೊರಗಿಯಾದರೂ ಇರಬಾರದೇ? ಅದೇ ತಣ್ಣನೆಯ ಕಣ್ಣು, ಕಿವಿಯ ಸಂದಿಯಲ್ಲಿ ಅದೇ ಪೆನ್ನು. ಆ ಪೆನ್ನು ಕಂಡದ್ದೇ ಅವಳ ಮೈ ಉರಿದುಹೋಯಿತು.

"ರಾಕೆಟ್ ಬೇಕು. ನಿನ್ನನ್ನ ಸೋಲಿಸೋ ಅಂಥದ್ದು. ಎರಡೂವರೆ ಲಕ್ಷ ರುಪಿಯಾ ಇದೆ, ಅದಕ್ಕಿಂತ ಬಿಡಿಗಾಸೂ ಇಲ್ಲ."

ಅಷ್ಟಕ್ಕೆ ಬರುವುದು ಅಂಗಡಿಯ ಕೆಳಗಿನ ಸಾಲಿನ ರಾಕೆಟ್ಟೇ. ಟೀ ಕುಡಿಯುತ್ತಿದ್ದವನೊಬ್ಬ ಕಿಸಕ್ಕನೆ ನಕ್ಕ. "ಬಂದ್ಲು ನೋಡು, ಅಕ್ಕ ಇಪ್ಪತ್ತೆಂಟು!"

ಉತಾರಿ ತಿರುಗಲಿಲ್ಲ. ಆ ಹೆಸರು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು. ಆದರೆ ಎದೆ ಜಡ್ಡುಗಟ್ಟಿರಲಿಲ್ಲ...

ಹಿಂದಿನ ಆಗಸ್ಟಿನ ಮಾತು. ಆ ನಾಡಿನ ಸ್ವಾತಂತ್ರ್ಯ ದಿನವಾದ ಹದಿನೇಳರಂದು ಕೇರಿ ಕೇರಿಗಳ ನಡುವೆ ನಡೆಯುವ ಪಂದ್ಯ. ಗೆದ್ದ ಹೆಣ್ಣುಮಗಳಿಗೆ ಜಿಲ್ಲಾ ತಂಡದ ಬಾಗಿಲು ತೆರೆಯುತ್ತಿತ್ತು. ಆ ಊರಿನಲ್ಲಿ ಗಂಡಸರು ಮೀಸೆಯ ಬದಲು ತಂತಿಯ ಬಿಗಿ ತಿರುವುತ್ತಾರೆ. 'ನಂದು ಇಪ್ಪತ್ತಾರು ಪೌಂಡು', 'ನಂದು ಇಪ್ಪತ್ತೇಳು' ಎಂದು. ಬಿಗಿ ಹೆಚ್ಚಿದ್ದಷ್ಟೂ ತೋಳು ಗಟ್ಟಿ ಎಂಬ ಲೆಕ್ಕ. ಹುಡುಗಿಯಾದ ತಾನೇನು ಕಡಿಮೆ? ಉತಾರಿ ಪಂಜಿಯ ಬಳಿ ಹೋಗಿ ಇಪ್ಪತ್ತೆಂಟು ಎಳೆಯಲು ಹೇಳಿದ್ದಳು. ಅವನು ಎಳೆದುಕೊಟ್ಟ. ಹಿಡಿಕೆಯ ಬುಡದ ಬಿಳಿ ಪಟ್ಟಿಯ ಮೇಲೆ 28 ಎಂದು ಬರೆದೂ ಕೊಟ್ಟ.

ಫೈನಲ್ಲಿನ ನಡುವೆ ಎದುರಾಳಿ ರೆತ್ನೊ ಅವಳ ರಾಕೆಟ್ ಕಸಿದು ತಂತಿಯ ಮೇಲೆ ಬೆರಳು ಬಡಿದಳು. ಟಣ್ ಎನ್ನಬೇಕಾದದ್ದು ದಪ್ ಎಂದಿತು. "ಇದು ಇಪ್ಪತ್ತೆರಡು ಕಣ್ರೋ! ತಾನೇ ಬರ್ಕೊಂಡು ಬಂದಿದ್ದಾಳೆ!" ಇಡೀ ಸಭಾಂಗಣ ನಕ್ಕಿತು. ಆಮೇಲೆ ಹೊಡೆದದ್ದೆಲ್ಲ ನೆಟ್ಟಿಗೆ ಬಿತ್ತು, ಪಂದ್ಯ ಹೋಯಿತು, ಜಿಲ್ಲಾ ತಂಡ ಹೋಯಿತು. ಪಂಜಿ ಅವತ್ತು ಊರಲ್ಲಿರಲಿಲ್ಲ. ಬಂದ ಮೇಲೂ ಊರವರ ಎದುರು ಬಾಯಿ ಬಿಡಲಿಲ್ಲ. ಮೂರು ಸಲ ಅವಳ ಮನೆ ಬಾಗಿಲಿಗೆ ಬಂದ. ಮೂರು ಸಲವೂ ಅವಳು ಬಾಗಿಲನ್ನು ಮುಖದ ಮೇಲೆ ಮುಚ್ಚಿದಳು.

ಅವಳಿಗೆ ಬೇಕಾದದ್ದು ಪಿಸುಮಾತಿನ ಕ್ಷಮೆಯಲ್ಲ. ನಕ್ಕವರೆಲ್ಲರ ಎದುರು ಅವನ ಮಾನ ಹೋಗಬೇಕಿತ್ತು!

"ಈ ಸಲ ಮಿಕ್ಸೆಡ್ ಡಬಲ್ಸ್ ಫೈನಲ್ ನಮ್ಮಿಬ್ಬರ ಜೋಡಿಗಳ ನಡುವೆ," ಎಂದಳು. "ನಾನು ಗೆದ್ರೆ ನೀನು ಅಂಪೈರ್ ಕುರ್ಚಿ ಹತ್ತಿ, ಆ ಅಂಕಿ ಬರೆದೋನು ನಾನೇ ಅಂತ ಕೂಗಿ ಹೇಳ್ಬೇಕು."

ಪಂಜಿ ಕಿವಿಯ ಪೆನ್ನನ್ನು ಸರಿಪಡಿಸಿಕೊಂಡ. "ನಾನು ಗೆದ್ರೆ?"

"ಕೇಳ್ಕೊ."

"ಒಂದೇ ಒಂದ್ಸಲ ನನ್ನನ್ನ ಮಾಸ್ ಅಂತ ಕರಿ."

ಥೂ, ಎಷ್ಟು ಕೊಬ್ಬು! ಆದರೂ ಅವಳ ಕಿವಿಯೇಕೋ ಬಿಸಿಯಾಯಿತು. "ಆಯ್ತು. ರಾಕೆಟ್ ತೋರಿಸು. ತಲೆ ಭಾರ ಇರೋದು, ಕೋಲು ಗಟ್ಟಿ ಇರೋದು. ನಾನು ಹೊಡಿಯೋಳು."

"ನೀನು ಹೊಡಿಯೋಳಲ್ಲ."

"ಏನಂದೆ?!"

ಅವನು ಮೇಲಿನ ಹಲಗೆಯಿಂದ ಮೂರು ಶಟಲ್ ಕಾಕ್‌ಗಳನ್ನು ಒಟ್ಟಿಗೆ ತಳ್ಳಿಬಿಟ್ಟ. ಯೋಚಿಸುವ ಮೊದಲೇ ಅವಳ ಕೈ ಚಾಚಿತು. ಎರಡು ಅಂಗೈಯಲ್ಲಿ, ಮೂರನೆಯದು ಮೊಣಕೈ ಮಡಿಕೆಯಲ್ಲಿ.

"ನೋಡಿದ್ಯಾ? ನಿನ್ನ ಆಟ ಇರೋದು ಮಣಿಕಟ್ಟಲ್ಲಿ, ಭುಜದಲ್ಲಲ್ಲ," ಎಂದ ಪಂಜಿ. "ತಲೆ ಭಾರದ ರಾಕೆಟ್ ಹಿಂದೆ ನಿಂತು ಬಡಿಯೋರಿಗೆ. ನೆಟ್ ಹತ್ರ ನಿಂತೋಳು ಅದನ್ನ ಎತ್ತೋದ್ರೊಳಗೆ ಶಟಲ್ ಮನೆಗೆ ಹೋಗಿ ಊಟ ಮಾಡಿರುತ್ತೆ!"

ಕೆಳಗಿನ ಸಾಲಿನಿಂದ ನೀಲಿ ರಾಕೆಟ್ಟೊಂದನ್ನು ತೆಗೆದು ತೋರುಬೆರಳ ಮೇಲೆ ಅಡ್ಡ ಮಲಗಿಸಿದ. ಅದು ಹಿಡಿಕೆಯ ಕಡೆಗೆ ವಾಲಿತು. "ತಲೆ ಹಗುರ. ಎಪ್ಪತ್ತೆಂಟು ಗ್ರಾಂ. ಕೋಲು ಬಾಗುತ್ತೆ, ಅದಕ್ಕೇ ಕಡಿಮೆ ಬೀಸಿದ್ರೂ ದೂರ ಹೋಗುತ್ತೆ. ಎರಡು ಲಕ್ಷದ ಮೂವತ್ತು ಸಾವಿರ. ಇದಕ್ಕೆ ಇಪ್ಪತ್ಮೂರು ಪೌಂಡ್ ಸಾಕು. ಇಪ್ಪತ್ತೆಂಟು ಎಳೆದ್ರೆ ಈ ಬೆಲೆಯ ಚೌಕಟ್ಟು ಪಂದ್ಯದ ಮಧ್ಯೆಯೇ ಮುರಿಯುತ್ತೆ."

"ಮತ್ತೆ ಮೋಸಾನಾ?"

"ನಿನ್ನ ಎದುರಿಗೇ ಎಳೀತೀನಿ. ಅಂಕಿ ನೀನೇ ನೋಡ್ಕೊ." ಅವನು ದನಿ ತಗ್ಗಿಸಿದ. "ಇನ್ನೊಂದು ಮಾತು. ನನ್ನ ಜೊತೆ ಆಡೋಳು ರೆತ್ನೊ. ಅವಳು ಯಾವಾಗ್ಲೂ ಎಡಕ್ಕೆ ವಾಲ್ತಾಳೆ. ಬಲಗಡೆ ಮುಂದಿನ ಮೂಲೆ ನನ್ನ ಪಾಲು, ಅಲ್ಲಿಗೆ ನಾನು ಒಂದು ಹೆಜ್ಜೆ ತಡ."

ಉತಾರಿ ಅವನನ್ನೇ ದಿಟ್ಟಿಸಿದಳು. ವೈರಿಗೆ ಯಾರಾದರೂ ತನ್ನ ಗುಟ್ಟು ಹೇಳುತ್ತಾರೆಯೇ? ಇದು ಬಲೆಯೇ. ಬಲೆಯಲ್ಲದೆ ಇನ್ನೇನು?

ಅವಳ ಜೋಡಿ ಆಟಗಾರ, ತೋಫು ಮಾರುವ ಜುಮಾದಿಗೂ ಹಾಗೆಯೇ ಅನ್ನಿಸಿತು. "ಕಳ್ಳನ ಕೈಗೆ ಬೀಗದ ಕೈ ಕೊಟ್ಟು ಬಂದ್ಯಲ್ಲ ತಾಯಿ! ಬೇರೆ ಅಂಗಡೀಲಿ ಬಿಚ್ಚಿಸಿ ಇಪ್ಪತ್ತೆಂಟು ಎಳೆಸು."

"ಬೇಡ. ಅವನ ಕೈಯಿಂದ ತಗೊಂಡ ರಾಕೆಟ್ಟಲ್ಲೇ ಅವನನ್ನ ಮಣ್ಣು ಮುಕ್ಕಿಸ್ತೀನಿ."

ಹದಿನೇಳರ ಬೆಳಿಗ್ಗೆ ಸಭಾಂಗಣದ ತುಂಬ ಕೆಂಪು ಬಿಳಿ ಬಾವುಟ, ಹುದುಗಿಸಿದ ಸೋಯಾ ಕಾಳಿನ ಕರಿದ ತೆಂಪೆಯ ವಾಸನೆ. ಆಟ ಶುರುವಾಗುವ ಮೊದಲು ರೆತ್ನೊ ಬೇಕೆಂದೇ ಹತ್ತಿರ ಬಂದು ಪಟ್ಟಿ ಓದಿದಳು. "ಅಯ್ಯೋ, ಇಪ್ಪತ್ಮೂರಾ? ಏನಮ್ಮಾ, ಬಡ್ತಿ ಬದಲು ಹಿಂಬಡ್ತಿ?"

"ಹೂಂ, ಇಪ್ಪತ್ಮೂರೇ. ಬೆರಳು ಬಡಿದು ನೋಡ್ತೀಯಾ?"

ರೆತ್ನೊಳ ನಗು ಅರ್ಧಕ್ಕೇ ನಿಂತಿತು.

ಆದರೆ ನಿರ್ಣಾಯಕ ಸುತ್ತು ಬರುವ ಹೊತ್ತಿಗೆ ಉತಾರಿಗೆ ಬೆವರಿಳಿಯಿತು. ಹಠಕ್ಕೆ ಬಿದ್ದು ಹಿಂದೆ ಸರಿದು ಬಡಿಯುತ್ತಿದ್ದಳು. ಪಂಜಿ ಅವಳ ಪ್ರತಿ ಹೊಡೆತವನ್ನೂ ಎತ್ತಿ ಕಳಿಸುತ್ತಿದ್ದ. ಹತ್ತು, ಹದಿನಾರು! ಗ್ಯಾಲರಿಯಿಂದ ಕೂಗು ಶುರುವಾಯಿತು: "ಇಪ್ಪತ್ತೆಂಟು! ಇಪ್ಪತ್ತೆಂಟು!"

ಜುಮಾದಿ ಉಸಿರು ಬಿಡುತ್ತ ಬಂದ. "ಹಿಂದಿನದು ನಂಗೆ ಬಿಡು ತಾಯಿ. ನೀನು ಮುಂದೆ ಹೋಗಿ ನಿಲ್ಲು. ಇನ್ನೇನು ಹೋಗೋದಿದೆ?"

ಬಲೆಯಾದರೆ ಆಗಲಿ... ಅವಳು ನೆಟ್ ಹತ್ತಿರ ನಿಂತಳು. ಶಟಲ್ ಬಂದೊಡನೆ ಮಣಿಕಟ್ಟು ಮಾತ್ರ ತಿರುವಿ ಅವನು ಹೇಳಿದ ಮೂಲೆಗೆ ಇಳಿಸಿದಳು. ಪಂಜಿ ಓಡಿಬಂದ. ಒಂದು ಹೆಜ್ಜೆ ತಡ!

ನಿಜ ಹೇಳಿದ್ದನೇ ಇವನು?

ಇನ್ನೊಮ್ಮೆ ಇಳಿಸಿದಳು. ಮತ್ತೊಮ್ಮೆ. ನೀಲಿ ರಾಕೆಟ್ ಅವಳ ಬೆರಳಿನ ಮಾತನ್ನೇ ಕೇಳುತ್ತಿತ್ತು. ಅವನು ಬಿಟ್ಟುಕೊಡುತ್ತಿದ್ದಾನೆಯೇ ಎಂದು ಕಣ್ಣಿಟ್ಟು ನೋಡಿದಳು. ಇಲ್ಲ, ಮೊಣಕಾಲು ತರಚಿ ರಕ್ತ ಬರುವಂತೆ ಬಿದ್ದು ಎದ್ದು ಓಡುತ್ತಿದ್ದ. ಕೊನೆಯ ಶಟಲ್ ಅವನ ರಾಕೆಟ್ಟಿನ ತುದಿಗೆ ಸವರಿ ನೆಲಕ್ಕೆ ಬಿತ್ತು. ಇಪ್ಪತ್ತೊಂದು, ಹತ್ತೊಂಬತ್ತು!

ಜುಮಾದಿ ಕುಣಿದಾಡಿದ. ಉತಾರಿ ಕುಣಿಯಲಿಲ್ಲ. ಅಂಪೈರ್ ಕುರ್ಚಿಯ ಕಡೆ ಕೈ ತೋರಿಸಿದಳು. "ಹತ್ತು."

ಪಂಜಿ ಹತ್ತಿದ. ಮುನ್ನೂರು ಮುಖಗಳು ಅವನತ್ತ ತಿರುಗಿದವು.

"ಹೋದ ವರ್ಷ ಉತಾರಿಯ ರಾಕೆಟ್ ಮೇಲೆ ಇಪ್ಪತ್ತೆಂಟು ಅಂತ ಬರೆದೋನು ನಾನು. ಎಳೆದದ್ದು ಇಪ್ಪತ್ತೆರಡು. ಅವಳಿಗೆ ಗೊತ್ತಿರಲಿಲ್ಲ. ಅವಳು ಸುಳ್ಳಿ ಅಲ್ಲ, ನಾನು ಸುಳ್ಳ. ವರ್ಷವಿಡೀ ಬಾಯಿ ಮುಚ್ಕೊಂಡಿದ್ದ ಹೇಡಿನೂ ನಾನೇ."

ಆಮೇಲೆ ಶುರುವಾಯಿತು ನೋಡಿ! "ಹಾಗಾದ್ರೆ ನಂದೂ ಸುಳ್ಳೇನೋ?" "ನಂಗೆಷ್ಟು ಎಳೆದಿದ್ದೀಯೋ?" ಗಂಡಸರು ತಮ್ಮ ತಮ್ಮ ರಾಕೆಟ್ಟುಗಳ ಪಟ್ಟಿ ಕಿತ್ತು ಅವನ ಕಾಲ ಬಳಿ ಎಸೆದರು. ತಂತಿ ಎಳೆಯುವವನ ಅಂಕಿ ಸುಳ್ಳೆಂದ ಮೇಲೆ ಅವನ ಅಂಗಡಿಗೆ ಯಾರು ಬರುತ್ತಾರೆ? ಉತಾರಿ ವರ್ಷವಿಡೀ ಕನಸಿನಲ್ಲಿ ಕಂಡ ದೃಶ್ಯ ಇದೇ. ಆದರೆ ಯಾಕೋ ಎಣಿಸಿದ್ದ ಖುಷಿ ಬರಲಿಲ್ಲ.

"ಯಾಕಯ್ಯಾ ಹಾಗೆ ಮಾಡ್ದೆ?" ಹಿರಿಯ ಅಂಪೈರ್ ಸುದಿಬ್ಯೊ ಕೇಳಿದರು. "ಕಾರಣ ಹೇಳು."

ಪಂಜಿಯ ಕಣ್ಣು ಒಂದೇ ಒಂದು ಸಲ ಅವಳ ಬಲಭುಜದ ಮೇಲೆ ಹಾದುಹೋಯಿತು. "ಕಾರಣ ಏನಿಲ್ಲ. ತಪ್ಪಾಯ್ತು."

ಬಲಭುಜ...

ಉತಾರಿಯ ಕೈ ತಾನಾಗಿ ಆ ಭುಜಕ್ಕೆ ಹೋಯಿತು. ಅವತ್ತು ಅವನ ಅಂಗಡಿಗೆ ಹೋದಾಗ ಸುಡುಬಿಸಿಲಲ್ಲೂ ಜಾಕೆಟ್ ತೊಟ್ಟಿದ್ದಳಲ್ಲವೇ? ಒಳಗೆ ಭುಜದ ತುಂಬ ನೋವಿಗೆ ಅಂಟಿಸಿದ ಔಷಧಿಯ ಪಟ್ಟಿ. ತೋಳು ಎತ್ತಲಾಗದ ನೋವು. ಗೊತ್ತಾದರೆ ತನ್ನ ಜಾಗಕ್ಕೆ ಬೇರೆಯವಳನ್ನು ಹಾಕುತ್ತಾರೆಂದು ಹೆತ್ತಮ್ಮನಿಗೂ ಹೇಳಿರಲಿಲ್ಲ. ಆ ಪಟ್ಟಿಯ ಕರ್ಪೂರದ ಘಾಟು ಮುಚ್ಚಿಡುವುದುಂಟೇ! 'ಕೈ ಹುಷಾರಾಗಿದೆಯಾ?' ಎಂದು ಅವನು ಕೇಳಿದ್ದ. 'ನಿನ್ನ ಕೆಲಸ ನೋಡ್ಕೊ' ಎಂದಿದ್ದಳು. ಸೇಡಿನ ಹೊಗೆಯಲ್ಲಿ ಅದೊಂದೂ ನೆನಪಾಗಿರಲಿಲ್ಲ.

ತಂತಿ ಬಿಗಿಯಾದಷ್ಟೂ ತೋಳು ಹೆಚ್ಚು ಬಲ ಹಾಕಿ ಬೀಸಬೇಕು. ಇಪ್ಪತ್ತೆಂಟು ಎಳೆದಿದ್ದರೆ ಆ ಭುಜ ಇವತ್ತಿಗೆ ಉಳಿಯುತ್ತಿತ್ತೇ?

"ನಿಲ್ಲಿ!"

ಅವಳು ಕುರ್ಚಿಯ ಮೆಟ್ಟಿಲು ಹತ್ತಿ ಅವನ ಪಕ್ಕದಲ್ಲೇ ನಿಂತಳು. "ಕಾರಣ ನಾನು ಹೇಳ್ತೀನಿ. ಅವತ್ತು ನನ್ನ ಭುಜ ಕೆಟ್ಟಿತ್ತು. ಎಲ್ಲರಿಗೂ ಮುಚ್ಚಿಟ್ಟೆ. ಇವನಿಗೆ ಮಾತ್ರ ಗೊತ್ತಾಯ್ತು, ಇವನೂ ಮುಚ್ಚಿಟ್ಟ. ಬಿಗಿ ಎಳೆದಿದ್ರೆ ನನ್ನ ತೋಳು ಹೋಗ್ತಿತ್ತು, ಕಡಿಮೆ ಬರೆದಿದ್ರೆ ನೀವು ನಗ್ತಿದ್ರಿ. ಅದಕ್ಕೇ ಸುಳ್ಳು ಬರೆದ. ಇನ್ನು ಯಾರಾದ್ರೂ ಪಟ್ಟಿ ಕೀಳೋದಿದ್ರೆ ಮೊದ್ಲು ತಮ್ಮ ತಮ್ಮ ಜಂಭ ಕಿತ್ಕೊಳ್ಳಿ!"

"ಹೌದು ಬಿಡಪ್ಪ," ಜುಮಾದಿ ತನ್ನ ಪಟ್ಟಿಯನ್ನು ಮತ್ತೆ ಅಂಟಿಸಿಕೊಳ್ಳುತ್ತ ಗೊಣಗಿದ. "ನಂದು ಇಪ್ಪತ್ತಾರು ಅಂತಿದ್ದೆ. ನಾನೇ ಬರ್ಕೊಂಡಿದ್ದು."

ಸಭಾಂಗಣ ಮತ್ತೆ ನಕ್ಕಿತು. ಈ ಸಲ ಯಾರ ಮೇಲೂ ಅಲ್ಲ.

ಜನ ದಾರಕ್ಕೆ ಕಟ್ಟಿದ ಹಪ್ಪಳ ತಿನ್ನುವ ಸ್ಪರ್ಧೆ ನೋಡಲು ಅಂಗಳಕ್ಕೆ ಹೋದರು. ಪಂಜಿ ನೆಲದಲ್ಲಿ ಬಿದ್ದ ಪಟ್ಟಿಗಳನ್ನು ಹೆಕ್ಕುತ್ತಿದ್ದ. ಉತಾರಿ ಚೀಲದಿಂದ ಆ ಹಳೆಯ ರಾಕೆಟ್ ತೆಗೆದು ಅವನ ಮುಂದೆ ಹಿಡಿದಳು. ಸೇಡು ಆರಬಾರದೆಂದು ವರ್ಷವಿಡೀ ಗೋಡೆಯ ಮೊಳೆಗೆ ನೇತುಹಾಕಿದ್ದ ರಾಕೆಟ್ ಅದು.

"ನನ್ನ ಕೋಪ ಪೂರ್ತಿ ಹೋಗಿಲ್ಲ," ಎಂದಳು. "ನನ್ನ ತೋಳಿನ ವಿಷಯ ನನ್ನನ್ನೇ ಕೇಳದೆ ತೀರ್ಮಾನ ಮಾಡಿದ್ಯಲ್ಲ, ಅದು ತಪ್ಪು."

"ತಪ್ಪೇ. ಹೇಳಿದ್ರೆ ನೀನು ಬೇರೆ ಅಂಗಡಿಗೆ ಹೋಗ್ತಿದ್ದೆ. ನಿನ್ನ ತೋಳು ಹೋಗೋದೂ ಬೇಡ, ನೀನು ಹೋಗೋದೂ ಬೇಡ ಅನ್ಸಿತ್ತು..." ಅವನ ದನಿ ಒಡೆಯಿತು. "ನೀನಂದ್ರೆ ಇಷ್ಟ, ಉತಾರಿ. ನೀನು ಬಾಗಿಲು ಮುಚ್ಚಿದ ಮೂರು ದಿನಾನೂ ಅದನ್ನೂ ಹೇಳೋಕೇ ಬಂದಿದ್ದೆ."

ಅವಳ ಕಣ್ಣು ತುಂಬಿತು. ಅವನ ಕಿವಿಯ ಸಂದಿಯ ಪೆನ್ನನ್ನು ತಾನೇ ಎಳೆದು ಕೈಗಿಟ್ಟಳು. "ಹೊಸ ತಂತಿ ಎಳೆದು ಕೊಡು. ಎಳೆದಷ್ಟೇ ಬರಿ."

"ಎಷ್ಟು ಎಳೀಲಿ?"

"ಇಪ್ಪತ್ತೆರಡು, ಮಾಸ್."

ಅವನ ಕೈಯಲ್ಲಿದ್ದ ಪಟ್ಟಿಗಳೆಲ್ಲ ಮತ್ತೆ ನೆಲಕ್ಕೆ ಬಿದ್ದವು. "ಏನಂದೆ?"

"ಇಪ್ಪತ್ತೆರಡು ಅಂದೆ."

"ಅದಾದ್ಮೇಲೆ? ಪಂದ್ಯ ಸೋತಿದ್ದು ನಾನು. ನೀನು ಕರೀಬೇಕಂತಿರಲಿಲ್ಲ."

"ಗೊತ್ತು," ಎಂದಳು ಉತಾರಿ, ಅವನ ತರಚಿದ ಮೊಣಕಾಲಿಗೆ ತನ್ನ ಕರವಸ್ತ್ರ ಬಿಗಿಯುತ್ತ. "ಅದಕ್ಕೇ ಕರ್ದೆ, ಮಾಸ್."