ನಾಲ್ಕನೇ ಕಂಬದ ಕದಲದ ಗೆರೆ

ಬೆಳಿಗ್ಗೆ ಏಳೂವರೆಗೆ ಸೇತುವೆಯ ನಾಲ್ಕನೇ ಕಂಬ ಒಂದು ಗೇಣು ಕುಸಿಯಿತು. ಶಾಲಾ ಬಸ್ಸಿನ ಚಾಲಕ ರಸ್ತೆಯ ಬಿರುಕು ಕಂಡು ಬ್ರೇಕ್ ಒತ್ತಿದ್ದರಿಂದ ಮೂವತ್ತೊಂದು ಮಕ್ಕಳು ಬದುಕಿಕೊಂಡರು. ಪ್ರವಾಹ ಕಂಬದ ಬುಡದ ಮಣ್ಣನ್ನು ಕೊರೆದು ಒಯ್ದಿತ್ತು. ಆ ಬುಡವನ್ನು ಹಗಲಿರುಳು ಅಳೆಯಲೆಂದೇ ತರಿಸಿದ್ದ ನೀರೊಳಗಿನ ಸೆನ್ಸರ್ ಮಾತ್ರ ಎಲ್ಲ ಭದ್ರವೆಂದೇ ವರದಿ ಕಳಿಸುತ್ತಿತ್ತು.

ಆ ವರದಿ ನೋಡಿಕೊಳ್ಳುತ್ತಿದ್ದವಳು ಒಬ್ಬ ಕಿರಿಯ ಎಂಜಿನಿಯರ್. ಕಚೇರಿಯಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ.

ತನಿಖೆಗೆ ಬಂದ ಅಧಿಕಾರಿ ಅಳೆದು ತೂಗಿ ಮಾತಾಡುವ ಹೆಂಗಸು.

"ಅಂಕಿ ನೀವೇ ತಿದ್ದಿದ್ರಾ?"

"ಇಲ್ಲ ಮೇಡಂ. ದಿನಾ ಆಳದ ಗೆರೆ ನೋಡ್ತಿದ್ದೆ. ಸೆನ್ಸರಿನಿಂದ ತಳದ ಮಣ್ಣಿಗೆ ಎರಡೂವರೆ ಮೀಟರ್ — ಕದಲಲೇ ಇಲ್ಲ."

"ಪ್ರವಾಹದಲ್ಲೂ? ಅನುಮಾನ ಬರಲಿಲ್ವಾ?"

"ಕದಲದೇ ಇದ್ರೆ ಒಳ್ಳೇದು ಅಂದ್ಕೊಂಡೆ."

ಮುಂದಿನ ಸರದಿ ನದಿಯಲ್ಲಿ ಮರಳು ತೆಗೆಯುವ ದೋಣಿಯವನದು. "ಕಂಬದ ಹತ್ರ ಮರಳು ತೆಗೆದ್ಯಾ? ಸೆನ್ಸರ್ ಮುಟ್ಟಿದ್ಯಾ?"

"ಅಷ್ಟು ಆಳಕ್ಕೆ ಯಾರು ಇಳೀತಾರೆ? ನಂಗೆ ಈಜೋಕೇ ಬರಲ್ಲ."

ಕೊನೆಗೆ ಮುಳುಗುಗಾರ. ಸೆನ್ಸರ್ ಕೂರಿಸುವ ಕೆಲಸ ಅವನದು; ಎಂಜಿನಿಯರ್ ಹುಡುಗಿಯ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿ ಓದಿಸಿದವನೂ ಅವನೇ. ಅಧಿಕಾರಿ ಎಡಗಡೆಯಿಂದ ಕೇಳಿದ್ದಕ್ಕೆ ಅವನು ಉತ್ತರಿಸಲಿಲ್ಲ. ಎದುರಿಗೆ ಬಂದು ಮತ್ತೆ ಕೇಳಿದರು.

"ಬೇಸಿಗೇಲಿ ನಾನೇ ಇಳಿದು ಬೋಲ್ಟ್ ಬಿಗಿದೆ," ಎಂದ.

ಅಧಿಕಾರಿ ಎಂಜಿನಿಯರ್ ಮುಂದಿದ್ದ ಕಂಪ್ಯೂಟರ್ ಪರದೆಯತ್ತ ಬಾಗಿದರು. "ಆಳದ ಅಂಕಿ ಪಕ್ಕ ಇರೋದೇನು?"

"ನೀರಿನ ಬಿಸಿ," ಎಂದಳು ಅವಳು. "ಸೆನ್ಸರ್ ಶಬ್ದ ಕಳಿಸಿ ಆಳ ಅಳೆಯುತ್ತೆ. ಬಿಸಿ ಬದಲಾದ್ರೆ ನೀರಲ್ಲಿ ಶಬ್ದದ ವೇಗ ಬದಲಾಗುತ್ತೆ. ಅಳತೆ ಸರಿಮಾಡೋಕೆ ಬೇಕು."

"ಓದಿ."

"ಬೆಳಿಗ್ಗೆ ಆರಕ್ಕೆ ಇಪ್ಪತ್ನಾಲ್ಕು. ಮಧ್ಯಾಹ್ನ ಮೂರಕ್ಕೆ... ಇಪ್ಪತ್ತೊಂಬತ್ತು." ಅವಳು ಹಿಂದಿನ ದಿನಗಳ ಅಂಕಿ ಸರಿಸಿ ನೋಡಿದಳು. "ದಿನಾ ಹೀಗೇ ಇದೆ."

"ತುಂಬಿ ಹರಿಯೋ ನದಿ ಅರ್ಧ ದಿನದಲ್ಲಿ ಐದು ಡಿಗ್ರಿ ಕಾಯಲ್ಲ. ಬಿಸಿಲಿಗೆ ಹಾಗೆ ಕಾಯೋದು ತೊಟ್ಟಿ. ಈ ಸೆನ್ಸರ್ ನದಿಗೆ ಇಳಿದೇ ಇಲ್ಲ. ಅಷ್ಟು ಆಳದ ತೊಟ್ಟಿ ಯಾರ ಹತ್ರ ಇದೆ?"

ಅವಳಿಗೆ ಗೊತ್ತಿತ್ತು. ಮಾವ ತನ್ನ ಉಸಿರಾಟದ ಸಲಕರಣೆ ಪರೀಕ್ಷಿಸುವ ಕಬ್ಬಿಣದ ತೊಟ್ಟಿ, ಅವನ ಹಿತ್ತಲಲ್ಲಿ.

"ನಿಮ್ಮ ಎಡಗಿವಿ ಕೇಳಲ್ಲ, ಅಲ್ವಾ?" ಅಧಿಕಾರಿ ಅವನ ಬಲಕ್ಕೆ ಸರಿದು ಕೇಳಿದರು.

ಮುಳುಗುಗಾರ ತಲೆ ತಗ್ಗಿಸಿದ. "ಚಳಿಗಾಲದಲ್ಲಿ ಕಿವಿ ತಮಟೆ ಹರೀತು. ಇನ್ನು ನೀರಿಗಿಳೀಬಾರದು ಅಂದ್ರು ಡಾಕ್ಟ್ರು. ಮೂವತ್ತೈದು ವರ್ಷ ಅದೇ ಕೆಲಸ ಮಾಡ್ದೋನು. ಹೇಳೋಕೆ ಬಾಯೇ ಬರಲಿಲ್ಲ. ಸೆನ್ಸರ್ ತೊಟ್ಟೀಲಿಟ್ಟು, ವಾಸಿಯಾದ ಮೇಲೆ ನದಿಗೆ ಇಳಿಸೋಣ ಅಂತಿದ್ದೆ."

"ಬೆಳಿಗ್ಗೆಯಿಂದ ನನ್ನನ್ನ ಕೂರಿಸಿ ಕೇಳ್ತಿದ್ರು, ಮಾವ," ಅವಳೆಂದಳು. "ನೀನು ಇಲ್ಲೇ ಇದ್ದೆ."

ಅವಳು ಕಣ್ಣೊರೆಸಿಕೊಂಡು ನದಿಯ ಕೆಳಭಾಗದ ಇನ್ನೊಂದು ಸೇತುವೆಯ ಪುಟ ತೆರೆದಳು. ಇಪ್ಪತ್ನಾಲ್ಕು. ಇಪ್ಪತ್ತೊಂಬತ್ತು.

"ಇದೂನಾ?"

"ಅದೂ ತೊಟ್ಟೀಲೇ ಇದೆ."

ಅಧಿಕಾರಿ ಹೇಳುವ ಮೊದಲೇ ಅವಳು ಫೋನ್ ಎತ್ತಿದ್ದಳು. "ಕೆಳಗಿನ ಸೇತುವೆ ಮುಚ್ಚಿ. ಹೌದು, ಈಗಲೇ. ಯಾರು ಕೇಳಿದ್ರೂ ನಾನು ಹೇಳಿದೆ ಅನ್ನಿ."